ಬೆಕ್ಕಿನ ಮರಿಗೆ ಬಕ್ರಂ ಕಾಲರ್: ಕೊಂಡದ್ದು, ಹೊಲಿದದ್ದು, ವಾಪಸ್ ಕೊಟ್ಟದ್ದು

ಹಾಸನಾಂಬೆ ಗುಡಿಯ ಬಾಗಿಲು ತೆಗೆದ ಗುರುವಾರವೇ ನನ್ನ ಅಂಗಡಿಯ ಚಿಂದಿ ಬುಟ್ಟಿಯಲ್ಲಿ ಬೆಕ್ಕಿನ ಮರಿ ಸಿಕ್ಕಿದ್ದು. ನಾನು ಟೈಲರ್. ಸಾಲಗಾಮೆ ರಸ್ತೆಯ ಒಂದು ಅಡ್ಡರಸ್ತೆಯಲ್ಲಿ 26 ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಲೈನಿಂಗ್ ತುಂಡು, ಫಾಲ್ಸ್ ಚೂರು, ಸೀರೆಯ ಅಂಚು ಎಲ್ಲ ಬೀಳುವ ಬಿದಿರು ಬುಟ್ಟಿಯೊಂದು ಮೆಷಿನ್ ಪಕ್ಕದಲ್ಲೇ ಇರುತ್ತದೆ. ಒಂದು ಹಸಿರು ತುಂಡು ಬೇಕಿತ್ತು, ಕೈ ಹಾಕಿದೆ. ಬಟ್ಟೆ ಅಲ್ಲಾಡಿತು. ಇಲಿ ಅಂದುಕೊಂಡು ಕೈ ಎಳೆದುಕೊಂಡೆ. ಇಲಿ ಮಿಯಾಂವ್ ಅನ್ನುವುದಿಲ್ಲ ಅಲ್ವಾ?

ಬೂದು ಪಟ್ಟೆಯ ಮರಿ. ಎರಡೂ ಕಿವಿಯ ಅಂಚಿಗೆ ದಪ್ಪ ಪೈಪಿಂಗ್ ಕೊಟ್ಟ ಹಾಗೆ ಹಕ್ಕಳೆ ಕಟ್ಟಿತ್ತು. ಹಳದಿಯೂ ಅಲ್ಲ, ಬೂದಿಯೂ ಅಲ್ಲ, ಒಣಗಿದ ಅಂಟಿನ ಬಣ್ಣ. ಹಣೆಯ ಮೇಲೆ ಕೂದಲೇ ಇಲ್ಲ, ಚರ್ಮ ದಪ್ಪಗಾಗಿ ನೆರಿಗೆ ಬಿದ್ದಿತ್ತು. ಎರಡು ತಿಂಗಳ ಮರಿಗೆ ಎಪ್ಪತ್ತು ವರ್ಷದ ಅಜ್ಜನ ಮುಖ. ನೋಡುತ್ತಿದ್ದಂತೆ ಹಿಂಗಾಲು ಎತ್ತಿ ಕಿವಿ ಕೆರೆಯಲು ಶುರು ಮಾಡಿತು. ನಿಲ್ಲಿಸಲೇ ಇಲ್ಲ. ರಕ್ತ ಬಂತು, ಆಗಲೂ ನಿಲ್ಲಿಸಲಿಲ್ಲ.

ಇದಕ್ಕೆ ನಾನು ಏನೇನು ಕೊಂಡೆ, ಯಾವುದು ಕೆಲಸಕ್ಕೆ ಬಂತು, ಯಾವುದನ್ನು ಅಂಗಡಿಗೇ ಹಿಂದಿರುಗಿಸಿದೆ ಅಂತ ಬರೆಯುತ್ತಿದ್ದೇನೆ. ಆ ವಾರ ನಾನು ಇಂಥದ್ದೇ ಹುಡುಕಿದ್ದೆ. ಸಿಕ್ಕಿದ್ದೆಲ್ಲ ಬೇವು, ಅರಿಶಿನ, ಬೇವು, ಅರಿಶಿನ.

ಡಾಕ್ಟರ್ ಹತ್ತಿರ ಯಾಕೆ ಹೋಗಲಿಲ್ಲ ಅಂತ ಕೇಳುತ್ತೀರಿ. ಕೇಳಬೇಕಾದದ್ದೇ. ಊರಲ್ಲೇ ಪಶುವೈದ್ಯಕೀಯ ಕಾಲೇಜು ಇಟ್ಟುಕೊಂಡು ಹೋಗಲಿಲ್ಲ ಅನ್ನುವುದು ನನಗೂ ನಾಚಿಕೆಯೇ. ಆದರೆ ಹಾಸನದವರಿಗೆ ಆ ದಿನಗಳು ಗೊತ್ತು. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ದೇವಿ ಬಾಗಿಲು ತೆಗೆದರೆ ಬಲಿಪಾಡ್ಯಮಿ ಮುಗಿಯುವ ತನಕ ಊರು ನಮ್ಮದಲ್ಲ. ರಸ್ತೆಗೆಲ್ಲ ಬ್ಯಾರಿಕೇಡ್. ಆಟೋದವರು ಜಾತ್ರೆ ಬಾಡಿಗೆ ಬಿಟ್ಟು ಬೇರೆ ಕಡೆ ಬರುವುದಿಲ್ಲ. ಮೇಲಿಂದ ದೀಪಾವಳಿ. ಕಟಿಂಗ್ ಆಗಿ ಕಾದಿದ್ದ ಬ್ಲೌಸೇ 41. ಹೀಗಾಗಿ ಹೋಗಲಿಲ್ಲ. ಸರಿ ಅಂತ ಹೇಳುತ್ತಿಲ್ಲ, ಆದದ್ದು ಹೀಗೆ.

ನನ್ನ ಅಕ್ಕನ ಮಗಳು ಮೈಸೂರಿನಲ್ಲಿದ್ದಾಳೆ. ಬ್ಯಾಂಕ್ ಕೆಲಸ. ಬೀದಿ ಬೆಕ್ಕು ಸಾಕುವುದು ಅವಳ ಹುಚ್ಚು. ಒಂದು ಹೊತ್ತಿನಲ್ಲಿ ಒಂಬತ್ತು ಇದ್ದವು ಮನೆಯಲ್ಲಿ. ವಿಡಿಯೋ ಕಾಲ್ ಮಾಡಿದೆ.

“ಚಿಕ್ಕಮ್ಮ, ಫೋನ್ ಕಿವಿ ಹತ್ರ ತನ್ನಿ. ನಿಮ್ಮ ಕಿವಿಗಲ್ಲ, ಮರಿ ಕಿವಿಗೆ. ಹೆಬ್ಬೆಟ್ಟು ಅಡ್ಡ ಬರ್ತಿದೆ, ತೆಗೀರಿ.”

ಆಮೇಲೆ ಪ್ರಶ್ನೆ ಮೇಲೆ ಪ್ರಶ್ನೆ. ಕೂದಲು ಗುಂಡಗೆ, ರೂಪಾಯಿ ನಾಣ್ಯದ ಹಾಗೆ ಉದುರಿದೆಯಾ? ಇಲ್ಲ. ನವೆ ಇದೆಯಾ? ಎಲ್ಲಿಂದ ಶುರುವಾಯಿತು? ತಿನ್ನುತ್ತಿದೆಯಾ? ಕಣ್ಣಲ್ಲಿ ಪಿಸುರು, ಮೂಗಲ್ಲಿ ಸಿಂಬಳ ಇದೆಯಾ? ಗುಂಡಗೆ ಉದುರಿ ನವೆ ಅಷ್ಟಿಲ್ಲದಿದ್ದರೆ ಅದು ಹುಳುಕಡ್ಡಿ ಇರಬಹುದಂತೆ, ಅಂದರೆ ಫಂಗಸ್. ಕಿವಿ ಅಂಚಿಂದ ಶುರುವಾಗಿ ಹಕ್ಕಳೆ ಕಟ್ಟಿ ಮುಖಕ್ಕೆ ಇಳಿದು, ಹುಚ್ಚು ಹಿಡಿದ ಹಾಗೆ ನವೆ ಇದ್ದರೆ ನುಸಿ. ಬೆಕ್ಕಿಗೆ ಬರುವ ಈ ನುಸಿಗೆ ನೋಟೋಯೆಡ್ರಿಸ್ ಕ್ಯಾಟಿ ಅಂತ ಹೆಸರು. ಚರ್ಮದೊಳಗೆ ಸುರಂಗ ಕೊರೆದು ಅಲ್ಲೇ ಮೊಟ್ಟೆ ಇಡುತ್ತದೆ.

ನುಸಿ ಅಂದರೆ ನನಗೆ ಹೊಸದಲ್ಲ. ನನ್ನ ತವರು ಅರಸೀಕೆರೆ ಕಡೆ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ತೆಂಗಿನ ನುಸಿ ಆಮೇಲೆ ನಮ್ಮ ತೋಟಕ್ಕೂ ಬಂತು. ಎಳೆಕಾಯಿಯ ತೊಟ್ಟಿನ ಕೆಳಗೆ ಕೂತು ಕಾಯಿ ಮೈಯೆಲ್ಲ ಕಂದು ಸಿಪ್ಪೆ ಮಾಡಿ ಸೀಳಿಸುತ್ತಿತ್ತು. ಇದು ಬೇರೆ ಜಾತಿ, ಆದರೆ ಈ ಮರಿಯ ಹಣೆ ನೋಡಿದಾಗ ನನಗೆ ನೆನಪಾದದ್ದು ಆ ಕಾಯಿಗಳೇ.

ಮರಿಯ ವಯಸ್ಸಿನ ಬಗ್ಗೆ ಅನುಮಾನ ಇರಲಿಲ್ಲ. ಪಕ್ಕದ ದಿನಸಿ ಅಂಗಡಿಯ ಗೋಡೌನಿನಲ್ಲಿ ತಾಯಿಬೆಕ್ಕು ಕೃಷ್ಣಾಷ್ಟಮಿ ವಾರದಲ್ಲೇ ಮರಿ ಹಾಕಿತ್ತು. ಅಂದರೆ ಎಂಟು ವಾರ. ತೂಕಕ್ಕೆ ತರಕಾರಿ ಗಾಡಿಯವನ ತಕ್ಕಡಿ. “ಟೈಲರಮ್ಮ, ಇದನ್ನ ಕೇಜಿಗೆ ಎಷ್ಟಕ್ಕೆ ಕೊಡ್ತೀರಿ?” ಅಂತ ನಕ್ಕ. ಟೊಮೇಟೊ ತೆಗೆದು ಬಟ್ಟೆ ಹಾಸಿ ಮರಿ ಕೂರಿಸಿದೆವು. ಬಟ್ಟೆ ಕಳೆದು 720 ಗ್ರಾಂ. ಈ ವಯಸ್ಸಿಗೆ ಕಡಿಮೆ. ಆದರೆ ಈ ಎರಡು ಲೆಕ್ಕ, ವಯಸ್ಸು ಮತ್ತು ತೂಕ, ಇಲ್ಲದಿದ್ದರೆ ಮುಂದೆ ಯಾವ ಔಷಧದ ಡಬ್ಬಿಯನ್ನೂ ಓದಲು ಆಗುತ್ತಿರಲಿಲ್ಲ.

ಫಂಗಸ್ ಅಲ್ಲ ಅಂತ ಖಾತ್ರಿ ಮಾಡಿಕೊಳ್ಳಲು ಒಂದು ತಮಾಷೆ ಮಾಡಿದೆ. ಬೆಕ್ಕಿನ ಹುಳುಕಡ್ಡಿ ತಗುಲಿದ ಕೂದಲು ನೇರಳೆ ದೀಪದ ಕೆಳಗೆ ಹಸಿರಾಗಿ ಹೊಳೆಯುತ್ತದೆ ಅಂತ ಅಕ್ಕನ ಮಗಳು ಹೇಳಿದ್ದಳು. ದಿನಸಿ ಅಂಗಡಿಯಲ್ಲಿ ಖೋಟಾ ನೋಟು ನೋಡುವ ಪುಟ್ಟ ದೀಪ ಇದೆ. ರಾತ್ರಿ ಶಟರ್ ಎಳೆದು ಕತ್ತಲಲ್ಲಿ ಹಿಡಿದೆವು. ಮರಿ ಮೈಯೆಲ್ಲ ಮಿನುಗಿತು! ನೀಲಿ, ಬಿಳಿ, ಒಂದೆರಡು ಗುಲಾಬಿ. ಹೆದರಿ ಕನ್ನಡಕ ಹಾಕಿ ನೋಡಿದರೆ ಎಲ್ಲ ನನ್ನದೇ ನೂಲು. ಚಿಂದಿ ಬುಟ್ಟಿಯಲ್ಲಿ ಮಲಗಿದ್ದ ಮರಿ ಅಲ್ವಾ. ಕೂದಲ ಬುಡದಲ್ಲಿ ಹಸಿರೇನೂ ಕಾಣಲಿಲ್ಲ. ಎಲ್ಲ ಫಂಗಸ್ಸೂ ಹೊಳೆಯುವುದಿಲ್ಲವಂತೆ, ಹಾಗಾಗಿ ಇದು ಪರೀಕ್ಷೆ ಅಲ್ಲ. ದೀಪ ಮಾತ್ರ ಚೆನ್ನಾಗಿದೆ.

ಈಗ ಕೊಂಡದ್ದಕ್ಕೆ ಬರುತ್ತೇನೆ.

ಮೊದಲು ಹೋದದ್ದು ಮಾಮೂಲಿ ಮೆಡಿಕಲ್ಸ್‌ಗೆ. ಯಾವುದು ಅಂತ ಹೇಳುವುದಿಲ್ಲ. ಹುಡುಗ ಒಳ್ಳೆಯವನೇ. ಫೋಟೋ ತೋರಿಸಿದೆ. ಎರಡು ಟ್ಯೂಬ್ ಇಟ್ಟ. “ಅಕ್ಕ, ಇದು ಫಂಗಸ್, ಇನ್ಫೆಕ್ಷನ್, ಕಡಿತ ಮೂರಕ್ಕೂ ಆಗತ್ತೆ. ಇದು ಕಜ್ಜಿಗೆ, ಮನುಷ್ಯರಿಗೇ ಹಚ್ತಾರೆ, ಏನೂ ಆಗಲ್ಲ.” ಎರಡೂ ತಂದೆ. ಆ ಮಾತಿನಲ್ಲೇ ತಪ್ಪಿತ್ತು, ನನಗೆ ಆಗ ಗೊತ್ತಾಗಲಿಲ್ಲ. ಮನುಷ್ಯರಿಗೆ ಏನೂ ಆಗದ್ದು ಬೆಕ್ಕಿಗೆ ಆಗುತ್ತದೆ.

ಅಂಗಡಿಗೆ ಬಂದು ಸೂಜಿಗೆ ದಾರ ಪೋಣಿಸುವಾಗ ಹಿಡಿಯುವ ಭೂತಗನ್ನಡಿ ತೆಗೆದು ಓದಿದೆ. ಮೊದಲನೆಯದರಲ್ಲಿ ಕ್ಲೋಬೆಟಸಾಲ್ ಅಂತ ಇತ್ತು. ಸ್ಟೆರಾಯ್ಡ್. ಹಚ್ಚಿದ ಎರಡು ದಿನ ನವೆ ಕಡಿಮೆಯಾಗಿ ಕೆಂಪು ಇಳಿದು ವಾಸಿಯಾದ ಹಾಗೇ ಕಾಣುತ್ತದೆ. ಅಷ್ಟರಲ್ಲಿ ಚರ್ಮದ ಕಾವಲು ಕುಗ್ಗಿ ಒಳಗಿನ ನುಸಿಗೋ ಫಂಗಸ್‌ಗೋ ಇನ್ನಷ್ಟು ಹಬ್ಬ. ಮನುಷ್ಯರ ಹುಳುಕಡ್ಡಿಯೂ ಇಂಥ ಟ್ಯೂಬುಗಳಿಂದಲೇ ಹಟ ಹಿಡಿದು ಕೂರುತ್ತಿದೆ ಅಂತ ಚರ್ಮದ ಡಾಕ್ಟರುಗಳು ಹೇಳುತ್ತಲೇ ಇದ್ದಾರೆ.

ಎರಡನೆಯದರಲ್ಲಿ ಪರ್ಮೆಥ್ರಿನ್ 5 ಪರ್ಸೆಂಟ್. ಅಕ್ಕನ ಮಗಳಿಗೆ ಫೋಟೋ ಕಳಿಸಿದೆ. ಮೆಸೇಜ್ ಬರಲಿಲ್ಲ, ಫೋನೇ ಬಂತು. “ಚಿಕ್ಕಮ್ಮ, ಹಚ್ಚಿಲ್ಲ ತಾನೇ? ಹಚ್ಚಿಲ್ಲ ಅಂತ ಹೇಳಿ ಮೊದಲು.”

ಪರ್ಮೆಥ್ರಿನ್ ಬೆಕ್ಕಿಗೆ ವಿಷ. ನಮ್ಮ ಲಿವರ್, ನಾಯಿಯ ಲಿವರ್ ಅದನ್ನು ಒಡೆದು ಹೊರಗೆ ಹಾಕುತ್ತದೆ. ಬೆಕ್ಕಿಗೆ ಆ ಕೆಲಸ ಬೇಗ ಆಗುವುದಿಲ್ಲ. ನರಕ್ಕೆ ಏರುತ್ತದೆ. ಮೊದಲು ಕಿವಿ, ಮೀಸೆ ಅದುರುತ್ತದೆ, ಆಮೇಲೆ ಮೈಯೆಲ್ಲ ನಡುಕ, ಫಿಟ್ಸ್, ಸಾವು. ಅದೂ 720 ಗ್ರಾಂ ಮರಿ, ದಿನವೆಲ್ಲ ಮೈ ನೆಕ್ಕಿಕೊಳ್ಳುವ ಪ್ರಾಣಿ. ಆ ರಾತ್ರಿ ನಾನು ಟ್ಯೂಬಿನ ಮುಚ್ಚಳ ತೆಗೆದಿದ್ದೆ. ಕಿವಿ ಒರೆಸಲು ಹತ್ತಿ ಸಿಗಲಿಲ್ಲ ಅಂತ ಬೆಳಿಗ್ಗೆಗೆ ಬಿಟ್ಟಿದ್ದೆ. ಹತ್ತಿ ಸಿಕ್ಕಿದ್ದರೆ ಈ ಬರಹ ಇರುತ್ತಿರಲಿಲ್ಲ.

ಇಷ್ಟಾದ ಮೇಲೆ ಹುಷಾರಾದೆ ಅಂದುಕೊಳ್ಳಬೇಡಿ. ಮಾರನೆಯ ದಿನ ನಾಯಿ ಬೆಕ್ಕಿನ ಸಾಮಾನು ಮಾರುವ ಅಂಗಡಿಗೆ ಹೋದೆ. ಇಲ್ಲಾದರೂ ತಿಳಿದವರು ಇರುತ್ತಾರೆ ಅಂತ. ಬೆನ್ನಿನ ಮೇಲೆ ಹಾಕುವ ಡ್ರಾಪ್ ಕೊಟ್ಟರು. “ನಾಯಿದೇ, ಮೇಡಂ, ಬೆಕ್ಕಿಗೆ ಅರ್ಧ ಹಾಕಿ.” ಈ ಸಲ ಅಲ್ಲೇ ನಿಂತು ಭೂತಗನ್ನಡಿ ಹಿಡಿದೆ. ಡಬ್ಬಿಯ ಹಿಂದೆ ಸಾಸಿವೆಗಿಂತ ಸಣ್ಣ ಅಕ್ಷರ. ಫಿಪ್ರೊನಿಲ್, ಅದರ ಪಕ್ಕದಲ್ಲೇ ಪರ್ಮೆಥ್ರಿನ್. ಕೆಳಗೆ ಒಂದು ಬೆಕ್ಕಿನ ಚಿತ್ರ, ಅದರ ಮೇಲೆ ಅಡ್ಡ ಗೆರೆ! ಅಂಗಡಿಯವರಿಗೆ ತೋರಿಸಿದೆ. “ಓ, ಇದನ್ನ ನೋಡೇ ಇರಲಿಲ್ಲ” ಅಂದರು. ಎಷ್ಟು ವರ್ಷದಿಂದ ಮಾರುತ್ತಿದ್ದಾರೋ. ಜಗಳ ಆಡಲಿಲ್ಲ. ಆ ಚಿತ್ರಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಕೊಟ್ಟು ಬಂದೆ.

ಜಾನುವಾರು ಔಷಧದ ಅಂಗಡಿಯಲ್ಲಿ ಇನ್ನೊಬ್ಬರು ಐವರ್ಮೆಕ್ಟಿನ್ ಇಂಜೆಕ್ಷನ್ ಬಾಟಲಿ ತೋರಿಸಿದರು. ಇದು ಬೆಕ್ಕಿನ ನುಸಿಗೆ ಡಾಕ್ಟರೇ ಕೊಡುವ ಔಷಧ, ಸುಳ್ಳಲ್ಲ. ಆದರೆ ಆ ಬಾಟಲಿ ಹಸು, ಕುರಿಯ ತೂಕಕ್ಕೆ ಮಾಡಿದ್ದು. ನನ್ನ ಮರಿಗೆ ಬೇಕಾಗುವುದು ಇನ್ಸುಲಿನ್ ಸಿರಿಂಜಿನಲ್ಲಿ ಒಂದು ಗೆರೆಗಿಂತ ಕಡಿಮೆ. ನಾನು ದಿನವಿಡೀ ಕಾಲಿಂಚು, ಅರೆಕಾಲಿಂಚು ಅಳೆಯುವವಳು. ಗೆರೆಗಿಂತ ಕಡಿಮೆ ಅಳತೆ ಕಣ್ಣಂದಾಜು ಅನ್ನುವುದು ನನಗೆ ಗೊತ್ತು. ಬ್ಲೌಸ್ ತಪ್ಪಿದರೆ ಬಿಚ್ಚಿ ಹೊಲಿಯಬಹುದು. ಮುಟ್ಟಲಿಲ್ಲ.

ಕೊನೆಗೆ ಕೆಲಸ ಮಾಡಿದ್ದು ಸೆಲಾಮೆಕ್ಟಿನ್ ಅನ್ನುವ ಡ್ರಾಪ್. ಬೆಕ್ಕಿನ ಮರಿಗೆಂದೇ ಬರುವ 15 ಮಿಲಿಗ್ರಾಂ ಟ್ಯೂಬ್. ಒಳಗಿರುವುದು ಕಾಲು ಎಂಎಲ್ ಮಾತ್ರ, ಎರಡೂವರೆ ಕೇಜಿಯ ತನಕ ಒಂದೇ ಟ್ಯೂಬ್. ಅಳೆಯುವ ರಗಳೆ ಇಲ್ಲ. ಎಂಟು ವಾರಕ್ಕಿಂತ ಸಣ್ಣ ಮರಿಗೆ ಹಾಕಬಾರದು ಅಂತ ಡಬ್ಬಿ ಮೇಲೇ ಇದೆ. ನಿತ್ರಾಣವಾದ, ಸೊರಗಿದ ಬೆಕ್ಕಿಗೂ ಬೇಡ ಅಂತ ಇದೆ. ಹಾಸನದಲ್ಲಿ ಕೇಳಿದ ಎರಡು ಕಡೆ ಇರಲಿಲ್ಲ. ಅಕ್ಕನ ಮಗಳು ಮೈಸೂರಿನಿಂದ ತನ್ನ ಬೆಕ್ಕುಗಳ ಡಾಕ್ಟರಿಗೆ ಫೋಟೋ ತೋರಿಸಿ, ತೂಕ ಹೇಳಿ, ಎರಡು ಟ್ಯೂಬ್ ಕೊಂಡು ಬಸ್ಸಿನಲ್ಲಿ ಬರುವವರ ಕೈಯಲ್ಲಿ ಕಳಿಸಿದಳು. ಟ್ಯೂಬಿಗೆ 480 ರೂಪಾಯಿ ಬಿತ್ತು. ಒಂದು ಲೈನಿಂಗ್ ಬ್ಲೌಸ್ ಹೊಲಿದ ಕೂಲಿಗಿಂತ ಜಾಸ್ತಿ. ಬೇಸರವಿಲ್ಲ.

ಟ್ಯೂಬ್ ಬರಲು ಮೂರು ದಿನ, ಮರಿ ಸ್ವಲ್ಪ ಗಟ್ಟಿಯಾಗಲಿ ಅಂತ ಮತ್ತೊಂದು ದಿನ. ಈ ನಾಲ್ಕು ದಿನ ಮಾಡಿದ್ದು ಊಟ ಹಾಕುವುದು, ಕೆರೆಯದಂತೆ ತಡೆಯುವುದು, ಅಷ್ಟೇ. ಮರಿಗಳ ಒಣ ತಿಂಡಿಯ ಸಣ್ಣ ಪೊಟ್ಟಣ ತಂದು ಬಿಸಿನೀರಲ್ಲಿ ನೆನೆಸಿ ಹಾಕಿದೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಇಲ್ಲದೆ ಬೇಯಿಸಿದ ಕೋಳಿಯನ್ನು ಎಳೆ ಎಳೆಯಾಗಿ ಬಿಡಿಸಿ ಕೊಟ್ಟೆ. ಈರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತ ಕೆಡಿಸುತ್ತದೆ, ಆದ್ದರಿಂದ ಸಾರಿನಲ್ಲಿರುವ ಪೀಸ್ ತೊಳೆದು ಹಾಕಿದರೂ ಆಗದು. ನಮ್ಮ ಮನೆ ಮುದ್ದೆ ತೋರಿಸಿದೆ. ಮೂಸಿ ನೋಡಿ ಮಣ್ಣು ಮುಚ್ಚುವ ಹಾಗೆ ಕಾಲಿನಲ್ಲಿ ನೆಲ ಕೆರೆಯಿತು. ಹಾಸನದ ಬೆಕ್ಕಂತೆ!

ಗಾಯಕ್ಕೆ ಸಲೈನ್. ಡ್ರಿಪ್ ಹಾಕುವ ಅದೇ 0.9 ಪರ್ಸೆಂಟ್ ಉಪ್ಪುನೀರು, ಸಣ್ಣ ಬಾಟಲಿ. ಮೆಡಿಕಲ್ಸ್‌ನಲ್ಲಿ ಸಿಕ್ಕ ವಸ್ತುಗಳಲ್ಲಿ ತೀರಾ ಅಗ್ಗ, ತೀರಾ ಒಳ್ಳೆಯದು. ಹತ್ತಿ ಅದ್ದಿ ಹಕ್ಕಳೆ ಮೇಲೆ ಸುಮ್ನೆ ಇಟ್ಟು ಹಿಡಿಯುವುದು, ಉಜ್ಜುವುದಲ್ಲ. ಎರಡು ನಿಮಿಷಕ್ಕೆ ಮೆತ್ತಗಾಗುತ್ತದೆ. ಬಿಟ್ಟು ಬಂದಷ್ಟು ಬರಲಿ, ಕೀಳಬಾರದು. ನೀರಿಗೆ ಹಾಕಿದರೆ ಹಾಲಿನ ಹಾಗೆ ಬೆಳ್ಳಗಾಗುವ ಆ್ಯಂಟಿಸೆಪ್ಟಿಕ್ ಎಲ್ಲರ ಮನೆಯಲ್ಲೂ ಇರುತ್ತದೆ ಅಲ್ವಾ, ಅದು ಬೇಡ. ಫಿನಾಲ್ ಜಾತಿಯ ವಸ್ತುಗಳನ್ನು ಬೆಕ್ಕಿನ ಲಿವರ್ ಅರಗಿಸಲಾರದು. ನೆಲ ಒರೆಸುವ ಫಿನಾಯಿಲೂ ಅದೇ. ಬೆಕ್ಕು ನೆಲದ ಮೇಲೆ ನಡೆದು ಆಮೇಲೆ ಕಾಲು ನೆಕ್ಕುತ್ತದೆ. ಮರಿ ಇರುವ ತನಕ ಹಿಂದಿನ ಕೋಣೆಗೆ ಬರೀ ಸೋಪಿನ ನೀರು ಹಾಕಿ ಒರೆಸಿದೆ. ಬೇವಿನೆಣ್ಣೆಯನ್ನು ಗಿರಾಕಿಯೊಬ್ಬರು ತಂದೇ ಕೊಟ್ಟಿದ್ದರು, ಪ್ರೀತಿಯಿಂದ. ಬೆಕ್ಕಿಗೆ ಅದೂ ಆಗಿಬರುವುದಿಲ್ಲ. ಅವರ ಎದುರು ಹಚ್ಚುತ್ತೇನೆ ಅಂದು ಎತ್ತಿಟ್ಟೆ.

ಕೆರೆಯದಂತೆ ತಡೆಯಲು ಕತ್ತಿಗೆ ಹಾಕುವ ಕೋನ್ ಬಗ್ಗೆ ಜಾಸ್ತಿ ಬರೆಯುತ್ತೇನೆ, ಇದು ನನ್ನ ಕಸುಬು.

ಪ್ಲಾಸ್ಟಿಕ್ ಕೋನ್ ಆನ್‌ಲೈನಿನಲ್ಲಿ ತರಿಸಿದೆ. 249 ರೂಪಾಯಿ. ತೀರಾ ಸಣ್ಣ ಸೈಜೇ. ಮರಿಗೆ ಹಾಕಿದರೆ ಲೌಡ್‌ಸ್ಪೀಕರ್ ಹೊತ್ತ ಹಾಗಾಯಿತು. ತಲೆ ಎತ್ತಲು ಆಗದೆ ಕೋನಿನ ಬಾಯಿ ನೆಲಕ್ಕೆ ತಾಗಿ ಅಲ್ಲೇ ನಿಂತುಬಿಟ್ಟಿತು. ಕತ್ತಿಗೆ ತಾಗುವ ಅಂಚು ಹರಿತ. ಹಿಂದಕ್ಕೆ ನಡೆದು ನಡೆದು ಗೋಡೆಗೆ ಒರಗಿ, ಒಂದೇ ಎಳೆತಕ್ಕೆ ತಲೆ ಹೊರಗೆ. ಐದಕ್ಕೆ ಒಂದು ಸ್ಟಾರ್, ಅದೂ ಬೇಗ ಬಂದದ್ದಕ್ಕೆ.

ಟೇಪ್ ತೆಗೆದೆ. ಕತ್ತಿನ ಸುತ್ತಳತೆ ಐದೂವರೆ ಇಂಚು. ಇದರಲ್ಲೇ ಒಂದು ಬೆರಳು ಹೋಗುವಷ್ಟು ಸಡಿಲ ಸೇರಿದೆ. ಒಂದರ ಮೇಲೊಂದು ಬರಲು ಮುಕ್ಕಾಲು ಇಂಚು. ಒಟ್ಟು ಆರೂಕಾಲು. ಕತ್ತಿನಿಂದ ಮೂಗಿನ ತುದಿ ದಾಟಿ ಮೂರು ಇಂಚು. ಅಂಬ್ರೆಲಾ ಲಂಗ ಕಟ್ ಮಾಡಿದವರಿಗೆ ಇದು ನೀರು ಕುಡಿದ ಹಾಗೆ. ಅರ್ಧ ವೃತ್ತ ತೆಗೆದುಕೊಳ್ಳಿ. ಒಳಗಿನ ಗೆರೆ ಎರಡು ಇಂಚಿನಲ್ಲಿ, ಹೊರಗಿನ ಗೆರೆ ಐದು ಇಂಚಿನಲ್ಲಿ. ಒಳಗೆ ಸರಿಯಾಗಿ ಆರೂಕಾಲು ಬರುತ್ತದೆ. ಬಕ್ರಂ, ಅಂದರೆ ಶರ್ಟ್ ಕಾಲರಿನ ಒಳಗೆ ಹಾಕುವ ಗಟ್ಟಿ ಬಟ್ಟೆ, ಎರಡು ಪದರ, ಎರಡೂ ಕಡೆ ಕಾಟನ್ ಲೈನಿಂಗ್. ಆರೆಂಜ್ ಲೈನಿಂಗ್ ತುಂಡು ಬುಟ್ಟಿಯಲ್ಲೇ ಇತ್ತು, ಅದರ ಮೇಲೇ ಮಲಗಿತ್ತು ಅಂತ ಅದನ್ನೇ ಹಾಕಿದೆ. ಒಳ ಅಂಚಿಗೆ ಮೆತ್ತನೆ ಪೈಪಿಂಗ್, ಕತ್ತು ಕೊಯ್ಯಬಾರದು. ಮೊದಲು ವೆಲ್ಕ್ರೋ ಹಾಕಿದ್ದೆ. ಕೂದಲು ಸಿಕ್ಕಿಕೊಂಡು ಕಿರುಚಿತು. ಬಿಚ್ಚಿ ಮೂರು ಟಿಚ್ ಬಟನ್ ಹೊಲಿದೆ. ಅವು ಎಳೆದರೆ ಬಿಚ್ಚಿಕೊಳ್ಳುತ್ತವೆ, ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಮರಿ ಉಸಿರು ಕಟ್ಟುವುದಿಲ್ಲ. ಲಾಡಿ ಕಟ್ಟಬೇಡಿ, ಅದು ಬಿಗಿಯುತ್ತದೆ.

ಮೊದಲ ಗಂಟೆ ಹಿಂದಕ್ಕೆ ಹಿಂದಕ್ಕೆ ನಡೆಯಿತು. ಆಮೇಲೆ ಮರೆತೇಬಿಟ್ಟಿತು. ಅದನ್ನು ಹಾಕಿಕೊಂಡೇ ತಿಂದಿತು, ಮಲಗಿತು, ಬಾಬಿನ್ ಹಿಂದೆ ಓಡಿತು. ಬಕ್ರಂ ಒದ್ದೆಯಾದರೆ ಮೆತ್ತಗಾಗುತ್ತದೆ, ಇದೊಂದೇ ದೋಷ. ಎರಡು ಹೊಲಿದುಕೊಂಡು ಒಂದನ್ನು ಬಿಸಿಲಿಗೆ, ಒಂದನ್ನು ಕತ್ತಿಗೆ ಅಂತ ಮಾಡಿದೆ.

ಎರಡನೇ ದಿನವೇ ಅದು ನನ್ನನ್ನು ಪರಚಿತ್ತು. ಎಡಗೈ ಮೇಲೆ ಎರಡು ಗೆರೆ, ರಕ್ತ ಬಂತು. ಬೀದಿ ಮರಿ. ಸುಮ್ನೆ ಇರಲು ಆಗುವುದಿಲ್ಲ. ನಲ್ಲಿ ಕೆಳಗೆ ಸೋಪು ಹಾಕಿ ಗಡಿಯಾರ ನೋಡಿಕೊಂಡು 15 ನಿಮಿಷ ತೊಳೆದು ಸರ್ಕಾರಿ ಆಸ್ಪತ್ರೆಗೆ ಹೋದೆ. ಮರಿಯನ್ನು ಡಾಕ್ಟರಿಗೆ ತೋರಿಸಲು ಆಗದ ಜಾತ್ರೆಯಲ್ಲಿ ನನಗೆ ಮಾತ್ರ ದಾರಿ ಸಿಕ್ಕಿತು ನೋಡಿ! ರೇಬೀಸ್ ಲಸಿಕೆ ಚರ್ಮದೊಳಗೆ ಕೊಡುತ್ತಾರೆ. ಆ ದಿನ, ಮೂರನೇ ದಿನ, ಏಳನೇ ದಿನ, 28ನೇ ದಿನ. ದುಡ್ಡು ತೆಗೆದುಕೊಳ್ಳಲಿಲ್ಲ. ಹೊಕ್ಕುಳ ಸುತ್ತ 14 ಇಂಜೆಕ್ಷನ್ ಅಂತ ಹೆದರಿಸುವವರು ಇನ್ನೂ ಇದ್ದಾರೆ. ಅದು ಹಳೇ ಕಾಲದ ಕಥೆ, ಈಗ ತೋಳಿಗೆ ಇರುವೆ ಕಚ್ಚಿದಷ್ಟು.

ಸೋಮವಾರ ರಾತ್ರಿ ಡ್ರಾಪ್ ಹಾಕಿದೆ. ಭುಜದ ಮೂಳೆಗಳಿಗಿಂತ ಮುಂದೆ, ಕತ್ತಿನ ಬುಡದಲ್ಲಿ ಕೂದಲು ಬೈತಲೆ ತೆಗೆದ ಹಾಗೆ ಸರಿಸಿ ಚರ್ಮ ಕಾಣುವಂತೆ ಮಾಡಿ ಅಲ್ಲಿಗೇ ಹಿಂಡುವುದು. ಕೂದಲ ಮೇಲೆ ಹಾಕಿದರೆ ದಂಡ. ನೆಕ್ಕಲು ಸಿಗದ ಜಾಗ ಅದು. ಸ್ಪಿರಿಟ್ ವಾಸನೆ ಬಂತು, ಕೂದಲು ಮುಳ್ಳುಮುಳ್ಳಾಗಿ ನಿಂತಿತು, ಬೆಳಿಗ್ಗೆ ಸರಿಹೋಯಿತು. ಕಟಿಂಗ್ ಟೇಬಲ್ಲಿನ ಅಂಚಿಗೆ ಮಾರ್ಕಿಂಗ್ ಚಾಕಿನಲ್ಲಿ ತಾರೀಖು ಬರೆದೆ.

ಎರಡನೇ ದಿನ ಮರಿಯ ಕಕ್ಕಸಿಗೆ ಇಟ್ಟಿದ್ದ ಮರಳಿನಲ್ಲಿ ಶಾವಿಗೆಯಂಥ ಬಿಳಿ ಹುಳು. ಸೆಲಾಮೆಕ್ಟಿನ್ ಹೊಟ್ಟೆಯ ದುಂಡುಹುಳುವಿಗೂ ಆಗುತ್ತದೆ ಅಂತ ಡಬ್ಬಿಯಲ್ಲಿ ಓದಿದ್ದೆ, ನಂಬಿರಲಿಲ್ಲ. ಗುರುವಾರದ ಹೊತ್ತಿಗೆ ನವೆ ಅರ್ಧಕ್ಕೆ ಇಳಿದಿತ್ತು. ನನಗೆ ಗೊತ್ತಾದದ್ದು ಹೇಗೆಂದರೆ, ಮಧ್ಯಾಹ್ನ ಮೆಷಿನ್ ನಿಲ್ಲಿಸಿದಾಗ ಸದ್ದೇ ಇಲ್ಲ. ಅಷ್ಟು ದಿನವೂ ಬಕ್ರಂ ಮೇಲೆ ಉಗುರು ಪರಪರ ಅನ್ನುವ ಸದ್ದು ಇರುತ್ತಿತ್ತು. ಹೆದರಿ ಹೋಗಿ ನೋಡಿದೆ. ಹೊಟ್ಟೆ ಮೇಲೆ ಮಾಡಿ ಮಲಗಿತ್ತು. ಹತ್ತನೇ ದಿನಕ್ಕೆ ಬಲಗಿವಿಯ ಹಕ್ಕಳೆ ಇಡೀ ಅಂಚು ಒಂದೇ ತುಂಡಾಗಿ, ಹಳೇ ಪೈಪಿಂಗ್ ಕಿತ್ತು ಬಂದ ಹಾಗೆ, ಹಾಸಿಗೆಯಲ್ಲಿ ಬಿದ್ದಿತ್ತು. ಕೆಳಗೆ ಗುಲಾಬಿ ಚರ್ಮ. ಅದನ್ನು ಕಾಗದದಲ್ಲಿ ಮಡಚಿ ಸುಟ್ಟೆ.

ನನ್ನ ಮುಂಗೈಯಲ್ಲೂ ಸಣ್ಣ ಕೆಂಪು ಗುಳ್ಳೆ ಎದ್ದಿದ್ದವು, ಮರಿಯನ್ನು ಎತ್ತಿ ಹಿಡಿಯುವ ಜಾಗದಲ್ಲೇ. ರಾತ್ರಿ ನವೆ. ಬೆಕ್ಕಿನ ನುಸಿ ನಮ್ಮ ಮೈಗೆ ಹತ್ತುತ್ತದೆ, ಆದರೆ ಇಲ್ಲಿ ಸಂಸಾರ ಹೂಡಲು ಆಗುವುದಿಲ್ಲ. ಮರಿ ವಾಸಿಯಾದ ಎರಡು ವಾರಕ್ಕೆ ತಾನೇ ಹೋದವು. ಗಿರಾಕಿಗಳ ಬಟ್ಟೆಯ ಚಿಂತೆ ಜಾಸ್ತಿ ಇತ್ತು. ಮೊದಲ ದಿನವೇ ಮರಿಯನ್ನು ಹಿಂದಿನ ಕೋಣೆಗೆ ಹಾಕಿ, ಆ ಆರೆಂಜ್ ತುಂಡು ಬಿಟ್ಟು ಬುಟ್ಟಿಯ ಚಿಂದಿ ಎಲ್ಲ ಸುಟ್ಟು, ಮರಿಯ ಹಾಸುಬಟ್ಟೆಯನ್ನು ದಿನ ಬಿಟ್ಟು ದಿನ ಕುದಿಯುವ ನೀರಿಗೆ ಹಾಕಿ ಬಿಸಿಲಿಗೆ ಒಣಗಿಸಿದೆ. ಕೈ ತೊಳೆದೇ ಮೆಷಿನ್ ಮುಟ್ಟುತ್ತಿದ್ದೆ. ಯಾರ ಬ್ಲೌಸಿಗೂ ಏನೂ ಆಗಲಿಲ್ಲ. ತಡವಾಯಿತು, ಅದು ಬೇರೆ. ಬೈಗುಳ ತಿಂದೆ.

ತಿಂಗಳಿಗೆ ಎರಡನೇ ಟ್ಯೂಬ್. ಆಮೇಲೆ ಲಸಿಕೆಗೆ ಅಂತ ಕೊನೆಗೂ ಒಬ್ಬ ಡಾಕ್ಟರ್ ಹತ್ತಿರ ಹೋದೆ. ಕಥೆಯೆಲ್ಲ ಕೇಳಿದರು. “ಮೊದಲ ದಿನವೇ ತಂದಿದ್ರೆ ಚರ್ಮ ಚೂರು ಕೆರೆದು ಮೈಕ್ರೋಸ್ಕೋಪಲ್ಲಿ ನುಸಿ ತೋರಿಸ್ತಿದ್ದೆ, ಅಮ್ಮ. ಹತ್ತು ನಿಮಿಷದ ಕೆಲಸ.” ನನಗೆ ಖೋಟಾ ನೋಟಿನ ದೀಪ ನೆನಪಾಯಿತು. ಹೇಳಲಿಲ್ಲ. ಊಟ ಬಿಟ್ಟ ಮರಿ, ಜ್ವರ ಇರುವ ಮರಿ, ಎಂಟು ವಾರ ತುಂಬದ ಮರಿ ಆಗಿದ್ದರೆ ನಾನು ಮಾಡಿದ್ದು ಯಾವುದೂ ನಡೆಯುತ್ತಿರಲಿಲ್ಲ ಅಂತಲೂ ಅವರು ಹೇಳಿದರು. ಸರ್ಕಾರದ ಪಶು ಸಹಾಯವಾಣಿಯ ನಂಬರ್ 1962, ಗೋಡೆ ಮೇಲೆ ಬರೆದುಕೊಂಡಿದ್ದೇನೆ.

ಒಂದು ಕೆಲಸ ಮುಗಿದಿಲ್ಲ. ತಾಯಿಬೆಕ್ಕು ಇನ್ನೂ ಗೋಡೌನಿನಲ್ಲೇ ಇದೆ, ಅದರ ಕಿವಿಯ ಅಂಚಿನಲ್ಲೂ ಹಕ್ಕಳೆ ಕಾಣುತ್ತಿದೆ. ಕೈಗೆ ಸಿಗುತ್ತಿಲ್ಲ. ಅದಕ್ಕೂ ಆಗುವ ತನಕ ಈ ಮರಿಯನ್ನು ಹೊರಗೆ ಬಿಡುವ ಹಾಗಿಲ್ಲ. ಈಗ ಮೆಷಿನ್ ಮೇಲಿನ ಶೆಲ್ಫಿನಲ್ಲಿ ಮಲಗುತ್ತದೆ. ಎಡಗಿವಿಯ ತುದಿಯಲ್ಲಿ ಬಟಾಣಿಯಷ್ಟು ಜಾಗದಲ್ಲಿ ಮಾತ್ರ ಕೂದಲು ಬಂದಿಲ್ಲ. ಹೆಸರು ಬಕ್ರಂ.

ಕಾಲರ್ ಬೇಕಾದವರು ಕಟಿಂಗ್ ಪೇಪರ್ ಒಯ್ಯಬಹುದು, ದುಡ್ಡು ಬೇಡ. ಬರುವಾಗ ಕತ್ತಿನ ಸುತ್ತಳತೆ ಮತ್ತು ಕತ್ತಿನಿಂದ ಮೂಗಿನ ತುದಿಯ ಅಳತೆ ತನ್ನಿ, ಇಂಚಿನಲ್ಲಿ. ಬೆಕ್ಕನ್ನು ತರಬೇಡಿ. ಬಕ್ರಂಗೆ ಆಗುವುದಿಲ್ಲ.